ತೀರ್ಪು ಮತ್ತು ಕಾರಣ

ಅಫಜಲಪುರ ತಾಲ್ಲೂಕಿನ ಅತನೂರ ನನ್ನ ಹುಟ್ಟೂರು. ವಕೀಲಿ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಅಲ್ಲಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕಾಗದಪತ್ರ ಹಿಡಿದು ಬರುವುದುಂಟು. ಒಂದು ಸಂಜೆ, ಊರಿನ ಸಂಬಂಧದಲ್ಲಿ ನಾನು ಕಾಕಾ ಎಂದು ಕರೆಯುವ ಹಿರಿಯರೊಬ್ಬರು ವಸ್ತ್ರದಲ್ಲಿ ಸುತ್ತಿದ ಕಟ್ಟೊಂದನ್ನು ನನ್ನ ಮುಂದಿಟ್ಟರು. ಸೆಷನ್ಸ್ ನ್ಯಾಯಾಲಯವೊಂದು ಅವರ ಮಗನಿಗೆ ಏಳು ವರ್ಷಗಳ ಸೆರೆವಾಸ ವಿಧಿಸಿತ್ತು. ಕಟ್ಟಿನಲ್ಲಿದ್ದುದು ಇಂಗ್ಲಿಷಿನಲ್ಲಿ ಬರೆದ ಆ ತೀರ್ಪಿನ ನಕಲು ಮತ್ತು ಸಾಕ್ಷಿಗಳ ಹೇಳಿಕೆಗಳು.

“ತಮ್ಮಾ, ಶಿಕ್ಷಾ ಎಷ್ಟಂತ ನನಗ ಗೊತ್ತದ. ಯಾಕ ಕೊಟ್ಟಾರ ಅನ್ನೋದಷ್ಟ ಓದಿ ಹೇಳು” ಎಂದರು.

ಶಿಕ್ಷೆಯ ವಿರುದ್ಧ ಹೂಡುವ ಮೇಲ್ಮನವಿಯೆಲ್ಲ ನಿಂತಿರುವುದು ಈ ‘ಯಾಕೆ’ ಎಂಬ ಪ್ರಶ್ನೆಯ ಮೇಲೆ. ಈ ಪ್ರಶ್ನೆಗೆ ಉತ್ತರವೇ ದೊರೆಯದ ಒಂದು ಪದ್ಧತಿ ನಮ್ಮ ದೇಶದ ಹಲವೆಡೆ ಇತ್ತು. ಅದು ಜ್ಯೂರಿ ಪದ್ಧತಿ. ಸಾಮಾನ್ಯ ಪ್ರಜೆಗಳು ಕುಳಿತು ಸಾಕ್ಷ್ಯ ಕೇಳಿ, ಆರೋಪಿಯು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಮಾತ್ರ ಹೇಳುತ್ತಿದ್ದರು. ಆ ನಿರ್ಣಯಕ್ಕೆ ಹೇಗೆ ಬಂದರೆಂದು ಬರೆದಿಡುವ ಹೊಣೆ ಅವರಿಗಿರಲಿಲ್ಲ. ಆದ್ದರಿಂದಲೇ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಮರಣದಂಡನೆಯಂತಹ ಸಂದರ್ಭಗಳನ್ನುಳಿದು, ಜ್ಯೂರಿಯ ಮುಂದೆ ಶಿಕ್ಷೆಗೊಳಗಾದವನು ಕಾನೂನಿನ ಅಂಶವನ್ನು ಹಿಡಿದು ಮಾತ್ರ ಅಪೀಲು ಮಾಡಬಹುದಿತ್ತು. ನ್ಯಾಯಾಧೀಶರು ಜ್ಯೂರಿಗೆ ಕಾನೂನನ್ನು ತಪ್ಪಾಗಿ ವಿವರಿಸಿದರೆಂದು ವಾದಿಸಬಹುದು. ಸಾಕ್ಷಿ ಸುಳ್ಳಾಡಿದನೆಂದು ಮಾತ್ರ ವಾದಿಸುವಂತಿರಲಿಲ್ಲ.

1959ರ ನಾನಾವತಿ ಪ್ರಕರಣವನ್ನು ಅನೇಕರು ಬಲ್ಲರು. ಮುಂಬಯಿಯ ಜ್ಯೂರಿ ಎಂಟಕ್ಕೆ ಒಂದರ ಬಹುಮತದಿಂದ ಆ ನೌಕಾಪಡೆಯ ಅಧಿಕಾರಿಯನ್ನು ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದರು. 1960ರಲ್ಲಿ ಅಲ್ಲಿ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಇರಲಿಲ್ಲ.

ಇಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ನ್ಯಾಯಾಧೀಶರು ತೀರ್ಪಿನಲ್ಲಿ ಕಾರಣಗಳನ್ನು ಬರೆಯಲೇಬೇಕು. ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆಯಾಗಿ ಶಿಕ್ಷೆಗೊಳಗಾದವನು ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಕಾನೂನಿನ ಜೊತೆಗೆ ಸಾಕ್ಷ್ಯವೂ ಮತ್ತೊಮ್ಮೆ ತೂಕಕ್ಕೆ ಬರುತ್ತದೆ. ಅಪೀಲು ಹಾಕಿದರೆ ಶಿಕ್ಷೆ ಹೆಚ್ಚಾದೀತೆಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿದೆ. ಶಿಕ್ಷೆಗೊಳಗಾದವನು ತಾನಾಗಿ ಹೂಡಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಅದಕ್ಕೆ ಸರ್ಕಾರ ಬೇರೆಯಾಗಿ ಕೇಳಿಕೊಳ್ಳಬೇಕು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಆದರೆ ಬರೆದ ಕಾರಣ ಕೈಗೆ ತಲುಪದಿದ್ದರೆ ಬರೆದೂ ಫಲವಿಲ್ಲ. 1978ರ ಹೊಸ್ಕೋಟ್ ಪ್ರಕರಣ ಇದನ್ನೇ ತೋರಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖೊಟ್ಟಿ ಪದವಿಪತ್ರ ಸಿದ್ಧಪಡಿಸಲೆತ್ನಿಸಿದ ಆರೋಪ ಅದು. ತೀರ್ಪಿನ ಪ್ರತಿಯನ್ನು ಸೆರೆಮನೆಗೆ ಕಳಿಸಲಾಗಿತ್ತು. ಕೈದಿಗೆ ತಲುಪಿತೆನ್ನಲು ಅವನ ಸಹಿಯಿರಲಿಲ್ಲ. ನಾಲ್ಕು ವರ್ಷಗಳಿಗೂ ಮೀರಿ ತಡವಾಗಿ ಬಂದ ಆತನ ಮನವಿಯನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ತೀರ್ಪಿನ ಪ್ರತಿಯನ್ನು ಕೈದಿಗೆ ಉಚಿತವಾಗಿ ಕೊಟ್ಟು ಲಿಖಿತ ಸ್ವೀಕೃತಿ ಪಡೆಯಬೇಕು, ಬಡವನಿಗೆ ಮೇಲ್ಮನವಿಯಲ್ಲಿಯೂ ವಕೀಲನನ್ನು ಒದಗಿಸಬೇಕು ಎಂದು ವಿಧಿಸಿದರು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಮೇರೆಗೆ ಸೆರೆಯಲ್ಲಿರುವವನು, ಅವನ ಆದಾಯವೆಷ್ಟೇ ಇರಲಿ, ಉಚಿತ ವಕೀಲನಿಗೆ ಅರ್ಹನು. ಸೆರೆಮನೆಯ ಅಧಿಕಾರಿಯ ಮೂಲಕವೇ ಮೇಲ್ಮನವಿ ಸಲ್ಲಿಸಬಹುದು. ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸಲು ಅವಧಿ ಅರವತ್ತು ದಿನ. ಮರಣದಂಡನೆಗೆ ಮೂವತ್ತು ದಿನ. ದೃಢೀಕೃತ ನಕಲು ಪಡೆಯಲು ತಗುಲಿದ ಕಾಲ ಇದರಲ್ಲಿ ಸೇರದು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸಲೂಬಹುದು. ಹಿಂದೆ ಇದಕ್ಕಾಗಿ ನಮ್ಮವರು ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಗೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಖಾಯಂ ಆಯಿತು.

ಮತ್ತೆ ಕಾಕಾರ ಕಟ್ಟಿಗೆ ಬರುತ್ತೇನೆ. ತೀರ್ಪಾಗಿ ಆಗಲೇ ಎಂಬತ್ತು ದಿನ ಕಳೆದಿತ್ತು. ನಾನು ಒಂದೊಂದು ಕಾರಣವನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಅವರು ತಲೆ ತಗ್ಗಿಸಿ ಕೇಳಿದರು. ಕತ್ತಲಲ್ಲಿ ದೂರದಿಂದ ಮಗನ ಗುರುತು ಹಿಡಿದೆನೆಂದ ಸಾಕ್ಷಿಯನ್ನು ನಂಬಿದ ಭಾಗ ಬಂದಾಗ ತಲೆಯೆತ್ತಿ, “ಅವತ್ತ ಕರೆಂಟ ಇದ್ದಿಲ್ಲ ತಮ್ಮಾ” ಎಂದರು. ಹೇಳಿಕೆಗಳನ್ನು ತಿರುವಿ ನೋಡಿದೆ. ಪಾಟಿಸವಾಲಿನಲ್ಲಿ ಆ ಸಾಕ್ಷಿಯೂ ಅದನ್ನು ಒಪ್ಪಿದ್ದ. ತೀರ್ಪಿನಲ್ಲಿ ಅದರ ಚರ್ಚೆಯಿರಲಿಲ್ಲ.

ಕಾನೂನು ಸೇವಾ ಸಮಿತಿಯ ಮೂಲಕ ವಿಳಂಬ ಮನ್ನಿಸುವ ಅರ್ಜಿಯೊಡನೆ ಮೇಲ್ಮನವಿ ಸಲ್ಲಿಕೆಯಾಯಿತು. ವಿಳಂಬ ಮನ್ನಣೆಯಾಗಿ ಅದು ದಾಖಲೂ ಆಯಿತು. ಮಗ ನಿರ್ದೋಷಿಯೇ ಎಂಬುದನ್ನು ಹೇಳಬೇಕಾದವನು ನಾನಲ್ಲ; ವಿಚಾರಣೆ ಇನ್ನೂ ಬಾಕಿಯಿದೆ. ಇಷ್ಟು ಮಾತ್ರ ಬಲ್ಲೆ: ‘ತಪ್ಪಿತಸ್ಥ’ ಎಂಬ ಒಂದೇ ಪದವಿದ್ದಿದ್ದರೆ ಆ ಮುದುಕರಿಗೆ ಆಡಲು ಮಾತೇ ಇರುತ್ತಿರಲಿಲ್ಲ. ಕಾರಣ ಬರೆದಿದ್ದುದರಿಂದ, ಅಕ್ಷರ ಬಾರದಿದ್ದರೂ ಅವರು ಅದಕ್ಕೊಂದು ಉತ್ತರ ಕೊಡಬಲ್ಲವರಾದರು.