ದೂರವೈದ್ಯಕೀಯ ಮತ್ತು ಔಷಧ ಗರ್ಭಪಾತ: ಸುರಕ್ಷತೆ ಹಾಗೂ ಲಭ್ಯತೆಯ ಪ್ರಶ್ನೆ

ಗರ್ಭಪಾತವೆಂದರೆ ಶಸ್ತ್ರಕ್ರಿಯೆ, ಶಸ್ತ್ರಕ್ರಿಯೆಯೆಂದರೆ ಆಸ್ಪತ್ರೆ ಎಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ವಾಸ್ತವವೇ ಆಗಿತ್ತು. ಭಾರತದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯೂ ಈ ತಿಳಿವಳಿಕೆಯ ಮೇಲೆಯೇ ರೂಪುಗೊಂಡಿತು. ಯಾರು ಮಾಡಬೇಕು, ಎಲ್ಲಿ ಮಾಡಬೇಕು ಎಂಬ ಎರಡು ಪ್ರಶ್ನೆಗಳೇ ಅದರ ತಿರುಳು. 1988ರಲ್ಲಿ ಫ್ರಾನ್ಸ್ ಮೈಫೆಪ್ರಿಸ್ಟೋನ್ ಎಂಬ ಮಾತ್ರೆಗೆ ಅನುಮತಿ ನೀಡಿದಾಗ ಈ ಚಿತ್ರ ಬದಲಾಗತೊಡಗಿತು. ಭಾರತದಲ್ಲಿ ಅದಕ್ಕೆ ಅನುಮತಿ ದೊರೆತದ್ದು 2002ರಲ್ಲಿ. ಮಾತ್ರೆ ಬಂದ ಮೇಲೆ 'ಎಲ್ಲಿ' ಎಂಬ ಪ್ರಶ್ನೆಯ ಸ್ವರೂಪವೇ ಬೇರೆಯಾಯಿತು. ವೈದ್ಯರು ಒಂದೆಡೆ, ಮಹಿಳೆ ಇನ್ನೊಂದೆಡೆ ಇದ್ದು, ದೂರವಾಣಿ ಅಥವಾ ವಿಡಿಯೋ ಮೂಲಕ ಸಮಾಲೋಚನೆ ನಡೆದು ಮಹಿಳೆಯು ಮನೆಯಲ್ಲಿಯೇ ಔಷಧ ಸೇವಿಸುವ ಕ್ರಮ ಎಷ್ಟು ಸುರಕ್ಷಿತ, ಅದರಿಂದ ಯಾರಿಗೆ ಏನು ದೊರೆಯುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಧಾನದಲ್ಲಿ ಎರಡು ಔಷಧಗಳಿವೆ. ಗರ್ಭವನ್ನು ಪೋಷಿಸುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಕೆಲಸವನ್ನು 200 ಮಿಲಿಗ್ರಾಂ ಮೈಫೆಪ್ರಿಸ್ಟೋನ್ ತಡೆಯುತ್ತದೆ. 24ರಿಂದ 48 ಗಂಟೆಗಳ ಬಳಿಕ ತೆಗೆದುಕೊಳ್ಳುವ 800 ಮೈಕ್ರೋಗ್ರಾಂ ಮೈಸೊಪ್ರೊಸ್ಟಾಲ್ ಗರ್ಭಕೋಶವನ್ನು ಸಂಕುಚಿಸಿ ಗರ್ಭವನ್ನು ಹೊರಹಾಕುತ್ತದೆ. ಹೊಟ್ಟೆನೋವು ಮತ್ತು ರಕ್ತಸ್ರಾವ ಈ ಕ್ರಿಯೆಯ ಸಹಜ ಅಂಗಗಳು. ಗಮನಿಸಬೇಕಾದ ಅಂಶವೆಂದರೆ, ಮಾತ್ರೆಯನ್ನು ಆಸ್ಪತ್ರೆಯಲ್ಲಿ ನುಂಗಿದರೂ ಗರ್ಭಪಾತವು ಬಹುತೇಕ ಮನೆಯಲ್ಲಿಯೇ ಪೂರ್ಣಗೊಳ್ಳುತ್ತದೆ. ಆದುದರಿಂದ ವೈದ್ಯರ ಮುಖ್ಯ ಪಾತ್ರವಿರುವುದು ಮಾತ್ರೆ ನುಂಗಿಸುವುದರಲ್ಲಲ್ಲ. ಗರ್ಭದ ಅವಧಿಯನ್ನು ನಿರ್ಣಯಿಸುವುದು, ಔಷಧ ಸಲ್ಲದವರನ್ನು ಗುರುತಿಸುವುದು, ಅಪಾಯದ ಲಕ್ಷಣಗಳನ್ನು ತಿಳಿಸುವುದು, ಆನಂತರ ವಿಚಾರಿಸಿಕೊಳ್ಳುವುದು ಇವೇ ಅವರ ಕೆಲಸಗಳು. ಇವುಗಳಲ್ಲಿ ಎಷ್ಟನ್ನು ದೂರದಿಂದ ನಿರ್ವಹಿಸಬಹುದು ಎಂಬುದೇ ಸುರಕ್ಷತೆಯ ಪ್ರಶ್ನೆ.

ಇದಕ್ಕೆ ವಿಶದವಾದ ಉತ್ತರ ಬ್ರಿಟನ್ನಿನಿಂದ ದೊರೆತಿದೆ. ಕೋವಿಡ್ ಸಾಂಕ್ರಾಮಿಕದ ಕಾರಣ 2020ರ ಮಾರ್ಚ್ 30ರಂದು ಇಂಗ್ಲೆಂಡ್ ಸರ್ಕಾರವು ಹತ್ತು ವಾರಗಳೊಳಗಿನ ಗರ್ಭಕ್ಕೆ ಎರಡೂ ಔಷಧಗಳನ್ನು ಮನೆಯಲ್ಲಿಯೇ ಸೇವಿಸಲು ಅನುಮತಿ ನೀಡಿತು. ಕೊನೆಯ ಮುಟ್ಟಿನ ದಿನಾಂಕದಿಂದ ಅವಧಿಯನ್ನು ಲೆಕ್ಕಹಾಕಿ, ಸಂದೇಹವಿದ್ದವರನ್ನು ಮಾತ್ರ ಸ್ಕ್ಯಾನಿಂಗ್‌ಗೆ ಕರೆಯಲಾಯಿತು. ಈ ಬದಲಾವಣೆಯ ಹಿಂದಿನ ಮತ್ತು ಮುಂದಿನ ತಿಂಗಳುಗಳ 52,142 ಪ್ರಕರಣಗಳನ್ನು ಹೋಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹಳೆಯ ಕ್ರಮದಲ್ಲಿ ಶೇ. 98.2ರಷ್ಟಿದ್ದ ಯಶಸ್ಸು ಹೊಸ ಕ್ರಮದಲ್ಲಿ ಶೇ. 98.8 ಆಗಿತ್ತು. ಗಂಭೀರ ತೊಂದರೆಗಳು ಕ್ರಮವಾಗಿ ಶೇ. 0.04 ಮತ್ತು ಶೇ. 0.02. ಕಾಯುವ ಅವಧಿಯು ಸರಾಸರಿ 10.7 ದಿನಗಳಿಂದ 6.5 ದಿನಗಳಿಗೆ ಇಳಿಯಿತು. ಆರು ವಾರಗಳೊಳಗೆ ನಡೆದ ಗರ್ಭಪಾತಗಳ ಪ್ರಮಾಣವು ಶೇ. 25ರಿಂದ ಶೇ. 40ಕ್ಕೆ ಏರಿತು. ಗರ್ಭಪಾತವು ಬೇಗ ಆದಷ್ಟೂ ತೊಡಕು ಕಡಿಮೆಯಾದ್ದರಿಂದ ಇಲ್ಲಿ ಲಭ್ಯತೆಯೂ ಸುರಕ್ಷತೆಯ ಒಂದು ಭಾಗವೇ ಆಗುತ್ತದೆ. 2022ರಲ್ಲಿ ಇಂಗ್ಲೆಂಡ್ ಈ ವ್ಯವಸ್ಥೆಯನ್ನು ಶಾಶ್ವತಗೊಳಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯೂ ಮುಖಾಮುಖಿ ಭೇಟಿಗೆ ಪರ್ಯಾಯವಾಗಿ ದೂರವೈದ್ಯಕೀಯವನ್ನು ಶಿಫಾರಸು ಮಾಡಿತು.

ಕಾನೂನು ಬಾಗಿಲು ಮುಚ್ಚಿದ್ದ ನೆಲದಲ್ಲಿ ಏನಾಯಿತೆಂಬುದಕ್ಕೆ ಐರ್ಲೆಂಡ್ ನಿದರ್ಶನ. 2005ರಲ್ಲಿ ಡಚ್ ವೈದ್ಯೆ ರೆಬೆಕಾ ಗೊಂಪರ್ಟ್ಸ್ ಸ್ಥಾಪಿಸಿದ 'ವಿಮೆನ್ ಆನ್ ವೆಬ್' ಸಂಸ್ಥೆಯಿಂದ ಅಂಚೆಯ ಮೂಲಕ ಮಾತ್ರೆ ಪಡೆದ ಐರ್ಲೆಂಡ್ ಹಾಗೂ ಉತ್ತರ ಐರ್ಲೆಂಡಿನ ಸಾವಿರ ಮಹಿಳೆಯರನ್ನು ಕುರಿತ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 94.7ರಷ್ಟು ಮಂದಿಗೆ ಶಸ್ತ್ರಕ್ರಿಯೆಯ ನೆರವಿಲ್ಲದೆ ಗರ್ಭಪಾತ ಪೂರ್ಣಗೊಂಡಿತ್ತು. ಏಳು ಮಂದಿಗೆ ರಕ್ತ ನೀಡಬೇಕಾಗಿ ಬಂದಿತ್ತು. ಆ ದೇಶದ ಕಾನೂನಿನ ಬದಲಾವಣೆಯೊಂದಿಗೆ ಕರ್ನಾಟಕದ ಹೆಣ್ಣುಮಗಳೊಬ್ಬಳ ಹೆಸರು ಬೆಸೆದುಕೊಂಡಿದೆ. ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ ಅವರು 17 ವಾರಗಳ ಗರ್ಭ ಜಾರುತ್ತಿದ್ದಾಗ ಕೋರಿದ ಗರ್ಭಪಾತ ದೊರೆಯದೆ, ನಂಜೇರಿ, 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡರು. ಅವರ ಸ್ಥಿತಿಗೆ ಆಸ್ಪತ್ರೆಯೇ ಬೇಕಾಗಿತ್ತು. ಮನೆಯಲ್ಲಿ ಸೇವಿಸುವ ಮಾತ್ರೆ ಅದಕ್ಕೆ ಪರಿಹಾರವಾಗಿರಲಿಲ್ಲ. ಆದರೆ ಆ ಸಾವಿನಿಂದ ಬಲಗೊಂಡ ಜನಾಭಿಪ್ರಾಯವು 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಮತಗಳಾಗಿ ವ್ಯಕ್ತವಾಯಿತು. 2019ರ ಜನವರಿಯಿಂದ ಸೇವೆ ಕಾನೂನುಬದ್ಧವಾಯಿತು. 2020ರಲ್ಲಿ ದೂರಸಮಾಲೋಚನೆಗೂ ಅಲ್ಲಿ ಅವಕಾಶ ದೊರೆಯಿತು.

ಭಾರತದ ಪರಿಸ್ಥಿತಿ ಇದಕ್ಕೆ ತಿರುವುಮುರುವಾಗಿದೆ. ಇಲ್ಲಿ ಕಾನೂನು ಐವತ್ತು ವರ್ಷಗಳಿಗೂ ಹಳೆಯದು. ಆದರೆ ಸೇವೆ ದೂರ. 2018ರಲ್ಲಿ ಪ್ರಕಟವಾದ ಅಂದಾಜಿನಂತೆ 2015ರಲ್ಲಿ ದೇಶದಲ್ಲಿ ನಡೆದ ಗರ್ಭಪಾತಗಳು ಸುಮಾರು 1.56 ಕೋಟಿ. ಅವುಗಳಲ್ಲಿ ಶೇ. 73ರಷ್ಟು ಆರೋಗ್ಯ ಸಂಸ್ಥೆಗಳ ಹೊರಗೆ, ಔಷಧದ ಮೂಲಕವೇ ನಡೆದಿದ್ದವು. ಈ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಲಕ್ಷಾಂತರ ಮಹಿಳೆಯರಿಗೆ ಔಷಧದಂಗಡಿಯೇ ಸಲಹಾಕೇಂದ್ರವಾಗಿದೆ ಎಂಬುದು ಈ ಅಂಕಿಗಳ ಇಂಗಿತ. ವೈದ್ಯರಿಂದ ದೂರವಿದ್ದು ಮಾತ್ರೆ ಸೇವಿಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಆ ದೂರವನ್ನು ತುಂಬುವ ವೈದ್ಯರ ಮಾತು ಮಾತ್ರ ಇಲ್ಲ.

ಕಾನೂನು ಈ ಕೊರತೆಯನ್ನು ಅರ್ಧದವರೆಗಷ್ಟೇ ಗುರುತಿಸಿದೆ. 2003ರ ನಿಯಮಗಳು ಏಳು ವಾರಗಳವರೆಗಿನ ಗರ್ಭಕ್ಕೆ, ಮಾನ್ಯತೆ ಪಡೆದ ಕೇಂದ್ರದ ನೆರವು ಪಡೆಯಬಲ್ಲ ಅರ್ಹ ವೈದ್ಯರು ತಮ್ಮ ಚಿಕಿತ್ಸಾಲಯದಲ್ಲಿಯೇ ಈ ಔಷಧ ನೀಡಬಹುದೆಂದವು. 2021ರ ತಿದ್ದುಪಡಿ ನಿಯಮಗಳು ಒಂಬತ್ತು ವಾರಗಳವರೆಗಿನ ಔಷಧ ಗರ್ಭಪಾತಕ್ಕೆ ವೈದ್ಯರಿಗಿರಬೇಕಾದ ಅನುಭವವನ್ನು ಪ್ರತ್ಯೇಕವಾಗಿ ನಿರೂಪಿಸಿದವು. 2020ರ ಮಾರ್ಚ್ 25ರಂದು ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಯು ಸಾಮಾನ್ಯ ಚಿಕಿತ್ಸೆಗೆ ದಾರಿ ತೆರೆಯಿತಾದರೂ ಗರ್ಭಪಾತದ ಸೇವೆಗೆಂದು ಪ್ರತ್ಯೇಕ ವಿಧಿಯನ್ನು ಅದು ಹೇಳಲಿಲ್ಲ. ಸ್ಪಷ್ಟ ವಿಧಿಯಿಲ್ಲದೆಡೆ ವೈದ್ಯರು ಹಿಂಜರಿಯುವುದು ಸಹಜ. ಭ್ರೂಣಲಿಂಗ ಪತ್ತೆಯ ಭೀತಿಯೂ ಈ ಹಿಂಜರಿಕೆಗೆ ಸೇರಿಕೊಳ್ಳುತ್ತದೆ. ವಾಸ್ತವದಲ್ಲಿ ಒಂಬತ್ತು ವಾರಗಳೊಳಗೆ ಸ್ಕ್ಯಾನಿಂಗ್‌ನಿಂದ ಲಿಂಗ ತಿಳಿಯಲಾಗದು. ಆದುದರಿಂದ ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ.

ಹಾಗೆಂದು ಬ್ರಿಟನ್ನಿನ ಮಾದರಿಯನ್ನು ಯಥಾವತ್ತಾಗಿ ತರಬಹುದೆಂದಲ್ಲ. ಗರ್ಭಕೋಶದ ಹೊರಗೆ ನಿಂತ ಗರ್ಭಕ್ಕೆ ಈ ಔಷಧ ನಾಟುವುದಿಲ್ಲ. ಗುರುತಿಸದೆ ಹೋದರೆ ಪ್ರಾಣಕ್ಕೇ ಅಪಾಯ. ಒಂದು ಬದಿಯ ತೀವ್ರ ನೋವು, ಹಿಂದೆ ಇಂತಹ ಗರ್ಭ ನಿಂತಿದ್ದುದು, ವಂಕಿ ಧರಿಸಿರುವುದು, ರಕ್ತ ಹೆಪ್ಪುಗಟ್ಟದ ತೊಂದರೆ, ದೀರ್ಘಕಾಲದ ಅಡ್ರಿನಲ್ ಗ್ರಂಥಿಯ ಕಾಯಿಲೆ ಇವನ್ನು ಕೇಳಿಯೇ ತಿಳಿಯಬೇಕು. ಇದ್ದವರನ್ನು ಆಸ್ಪತ್ರೆಗೆ ಕಳುಹಿಸಬೇಕು. ಇದಕ್ಕೆ ರಕ್ತಹೀನತೆಯೂ ಸೇರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು, ಕರ್ನಾಟಕದಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನರು. ಸತತ ಎರಡು ಗಂಟೆಗಳ ಕಾಲ ಗಂಟೆಗೆ ಎರಡಕ್ಕಿಂತ ಹೆಚ್ಚು ದೊಡ್ಡ ಪ್ಯಾಡುಗಳು ತೊಯ್ಯುವಷ್ಟು ಸ್ರಾವ, ಬಿಡದ ಜ್ವರ, ತಲೆಸುತ್ತು ಕಂಡರೆ ತಕ್ಷಣ ತಲುಪಲು ಆಸ್ಪತ್ರೆ ಇರಲೇಬೇಕು. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವಲ್ಲಿ ಗೋಪ್ಯತೆಯೂ ಸುಲಭವಲ್ಲ.

ಈ ಮಿತಿಗಳು ದೂರವೈದ್ಯಕೀಯವನ್ನು ನಿರಾಕರಿಸಲು ಕಾರಣವಾಗಲಾರವು. ಅದನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಸೂಚನೆಗಳಾಗುತ್ತವೆ. ಹಿಮೋಗ್ಲೋಬಿನ್ ಪರೀಕ್ಷೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿ, ಸಮಾಲೋಚನೆಯನ್ನು ತರಬೇತಾದ ವೈದ್ಯರಿಂದ ದೂರದಲ್ಲಿಯೇ ನಡೆಸಿ, ತುರ್ತು ಚಿಕಿತ್ಸೆಗೆ ತಾಲ್ಲೂಕು ಆಸ್ಪತ್ರೆಯನ್ನು ಗೊತ್ತುಪಡಿಸುವ ಮಿಶ್ರಕ್ರಮ ನಮ್ಮ ಸ್ಥಿತಿಗೆ ಹೊಂದಬಹುದು. ವಿವಾಹಿತರು, ಅವಿವಾಹಿತರು ಎಂಬ ಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ಸಾರಿದೆ. ಆ ಹಕ್ಕು ಹೋಬಳಿಯ ಹೆಣ್ಣುಮಗಳಿಗೂ ಸಕಾಲದಲ್ಲಿ ದಕ್ಕಬೇಕಾದರೆ ನಿಯಮಗಳಲ್ಲಿ ದೂರಸಮಾಲೋಚನೆಗೆ ಸ್ಪಷ್ಟವಾದ ಸ್ಥಾನ ದೊರೆಯಬೇಕು. ಅಲ್ಲಿಯವರೆಗೆ ಅವಳ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ಔಷಧದಂಗಡಿಯ ಮೇಲೆಯೇ ಉಳಿಯುತ್ತದೆ.