ಮಲಗುವ ಮುನ್ನ ಬಾಗಿಲು ತಟ್ಟಿದವರಾರು?

ಫೋನಿನ ಪರದೆ ಆರಿ ಸ್ವಲ್ಪ ಹೊತ್ತಾಗಿದೆ. ಪ್ರೊಸೆಸರ್ ಇನ್ನೇನು ನಿದ್ದೆಗೆ ಜಾರಬೇಕು, ಅಷ್ಟರಲ್ಲಿ ನೀವು ಬಟನ್ ಒತ್ತುತ್ತೀರಿ. ಒತ್ತಿದ ಸುದ್ದಿ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಮುಟ್ಟಿದೆ, ಅದನ್ನು ಓದಬೇಕಾದ ತಂತ್ರಾಂಶಕ್ಕೆ ಇನ್ನೂ ಮುಟ್ಟಿಲ್ಲ. ಈ ನಡುವೆ ಫೋನ್ ಮಲಗಿಬಿಟ್ಟರೆ ಸುದ್ದಿ ಅಲ್ಲೇ ಉಳಿಯುತ್ತದೆ, ಪರದೆ ಬೆಳಗುವುದಿಲ್ಲ.

ಮುಚ್ಚಳ ಮುಚ್ಚಿದಾಗ ಮಲಗುವ ಲ್ಯಾಪ್‌ಟಾಪ್‌ಗೆ ಇದು ದೊಡ್ಡ ತಲೆನೋವಲ್ಲ. ಬ್ಯಾಟರಿ ಉಳಿಸಲು ಎಡೆ ಸಿಕ್ಕಾಗಲೆಲ್ಲ ಕಣ್ಣು ಮುಚ್ಚುವ ಫೋನಿಗೆ ಮಾತ್ರ ಇದು ನಿತ್ಯದ ಪ್ರಶ್ನೆ. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಇದಕ್ಕೆ ಕಂಡುಕೊಂಡ ಉಪಾಯ ‘ವೇಕ್‌ಲಾಕ್’. ಯಾರಾದರೊಬ್ಬರು ಈ ಲಾಕ್ ಹಿಡಿದಿರುವವರೆಗೆ ಪ್ರೊಸೆಸರ್ ಮಲಗುವಂತಿಲ್ಲ. ಬಟನ್ ಒತ್ತಿದೊಡನೆ ಕರ್ನಲ್ ಲಾಕ್ ಹಿಡಿಯುತ್ತದೆ. ಸರದಿಯಲ್ಲಿರುವ ಕೊನೆಯ ಸುದ್ದಿಯನ್ನೂ ತಂತ್ರಾಂಶ ಓದಿಕೊಂಡ ಮೇಲಷ್ಟೇ ಬಿಡುತ್ತದೆ. ಓದಿದ್ದರ ಮೇಲೆ ಇನ್ನೂ ಕೆಲಸವಿದ್ದರೆ, ಕರ್ನಲ್ ಬಿಡುವುದರೊಳಗೆ ತಂತ್ರಾಂಶ ತನ್ನದೇ ಲಾಕ್ ಹಿಡಿದಿರಬೇಕು. ಮುಂದಿನ ಪಾಳಿಯ ನರ್ಸ್ ಬಂದು ಚಾರ್ಜ್ ತೆಗೆದುಕೊಳ್ಳುವವರೆಗೆ ಹಿಂದಿನವರು ವಾರ್ಡ್ ಬಿಡದಂತೆ.

ಆಂಡ್ರಾಯ್ಡ್ ಬಳಸುವ ಕರ್ನಲ್ ಲಿನಕ್ಸ್. ಅದನ್ನು ಕಟ್ಟುವ ಬಳಗ ವೇಕ್‌ಲಾಕನ್ನು ಸುಲಭಕ್ಕೆ ಒಪ್ಪಲಿಲ್ಲ. ಬೇಜವಾಬ್ದಾರಿಯ ಒಂದೇ ಒಂದು ಆ್ಯಪ್ ಲಾಕ್ ಹಿಡಿದು ಕೂತರೆ ಇಡೀ ಯಂತ್ರದ ನಿದ್ದೆ ಕೆಡುತ್ತದೆ ಎಂಬುದು ತಕರಾರು. 2009ರಲ್ಲಿ ಶುರುವಾದ ಚರ್ಚೆ 2010ರಲ್ಲಿ ಕಾವೇರಿತು. ಅದೇ ವರ್ಷ ಆ ಬಳಗದ ರಫಾಯೆಲ್ ವೈಸೊಕಿ ಬೇರೊಂದು ದಾರಿ ತೋರಿಸಿದರು: ಎಬ್ಬಿಸುವ ಘಟನೆಗಳನ್ನು ಕರ್ನಲ್ ಎಣಿಸುತ್ತಾ ಹೋಗಲಿ. ಮಲಗಿಸಲು ಹೊರಟ ತಂತ್ರಾಂಶ ಮೊದಲು ಆ ಎಣಿಕೆಯನ್ನು ಓದಿಕೊಳ್ಳುತ್ತದೆ, ಬಾಕಿ ಕೆಲಸ ಮುಗಿಸಿ ಅದೇ ಸಂಖ್ಯೆಯನ್ನು ತಿರುಗಿ ಬರೆಯುತ್ತದೆ. ನಡುವೆ ಹೊಸ ಘಟನೆ ಬಂದಿದ್ದರೆ ಸಂಖ್ಯೆ ತಾಳೆಯಾಗದು, ಕರ್ನಲ್ ಒಪ್ಪದು; ನಿದ್ದೆ ಮುಂದಕ್ಕೆ ಹೋಗುತ್ತದೆ.

2012ರ ಲಿನಕ್ಸ್ 3.5 ಆವೃತ್ತಿಯಲ್ಲಿ ‘ಇಪೋಲ್‌ವೇಕಪ್’ ಎಂಬ ಸವಲತ್ತೂ ಸೇರಿತು. ಸುದ್ದಿ ಬಂದ ಗಳಿಗೆಯಿಂದ, ತಂತ್ರಾಂಶ ಅದನ್ನು ಮುಗಿಸಿ ‘ಮುಂದೇನಿದೆ?’ ಎಂದು ಮತ್ತೆ ಕೇಳುವವರೆಗೆ ಯಂತ್ರವನ್ನು ಎಚ್ಚರವಾಗಿಡುವ ಹೊಣೆ ಕರ್ನಲ್‌ನದೇ. ಈ ಸವಲತ್ತು ಎಲ್ಲರಿಗೂ ಇಲ್ಲ, ಪ್ರತ್ಯೇಕ ಅನುಮತಿ ಬೇಕು.

ಅಂದಿನ ತಕರಾರು ಸುಳ್ಳಾಗಲಿಲ್ಲ. ಲಾಕ್ ಬಿಡದ ಆ್ಯಪ್‌ಗಳು ಬ್ಯಾಟರಿ ತಿನ್ನತೊಡಗಿದವು. 2015ರಲ್ಲಿ ಆಂಡ್ರಾಯ್ಡ್ 6.0 ‘ಡೋಜ್’ ತಂದು, ಮುಟ್ಟದೆ ಇಟ್ಟ ಫೋನಿನಲ್ಲಿ ಸಾಮಾನ್ಯ ಆ್ಯಪ್‌ಗಳ ವೇಕ್‌ಲಾಕ್‌ಗಳನ್ನು ಕಡೆಗಣಿಸತೊಡಗಿತು. ರಾತ್ರಿ ಸುಮ್ಮನಿಟ್ಟ ಫೋನಿನ ಚಾರ್ಜ್ ಬೆಳಗಾಗುವಷ್ಟರಲ್ಲಿ ಗಣನೀಯವಾಗಿ ಇಳಿದಿದ್ದರೆ ಕಂಪನಿಯನ್ನು ಬೈಯುವ ಮೊದಲು ಸೆಟ್ಟಿಂಗ್ಸ್‌ನ ಬ್ಯಾಟರಿ ಪಟ್ಟಿ ತೆರೆದು ನೋಡಿ. ನಿದ್ದೆಗೆಡಿಸುತ್ತಿರುವುದು ನೀವೇ ಹಾಕಿಕೊಂಡ ಯಾವುದೋ ಆ್ಯಪ್ ಇರಬಹುದು.