ಗಡಿನಾಡಿನ ಕಲಾವಿದರ ಜಾಲತಾಣ: ಕಟ್ಟುವ ಕೆಲಸ, ಕಾಯುವ ಕೆಲಸ

ನಾನು ಕಾಸರಗೋಡಿನವನು. ಕಳೆದ ಎರಡು ವರ್ಷಗಳಿಂದ ನಮ್ಮ ಕಡೆಯ ಕೆಲವು ಕಲಾವಿದರಿಗೆ, ಅಂದರೆ ಯಕ್ಷಗಾನ ವೇಷಧಾರಿಗಳು, ಛಾಯಾಗ್ರಾಹಕರು, ರಂಗಸಜ್ಜಿಕೆ ಮಾಡುವವರು, ಚಿತ್ರ ಬರೆಯುವವರು ಇವರಿಗೆಲ್ಲ ಸ್ವಂತ ಜಾಲತಾಣ ಮಾಡಿಕೊಡುವ ಕೆಲಸದಲ್ಲಿ ಕೈಜೋಡಿಸಿದ್ದೇನೆ. ಆ ಅನುಭವದ ಮೇಲೆ ನಿಂತು ಈ ಮಾತುಗಳನ್ನು ಹೇಳ್ತೇನೆ.

ಪೋರ್ಟ್‌ಫೋಲಿಯೋ ಜಾಲತಾಣ ಅಂದರೆ ಕಲಾವಿದರೊಬ್ಬರ ಆಯ್ದ ಕೆಲಸ, ಪರಿಚಯ, ಸಂಪರ್ಕ ಮೂರೂ ಒಂದೇ ಕಡೆ ಸಿಗುವ ಜಾಗ. ಇದನ್ನು ಮಾಡುವುದು ಹೇಗೆ ಅಂತ ಹೇಳುವ ಪಾಠಗಳು ಬೇಕಾದಷ್ಟು ಉಂಟು. ಆದರೆ ಅವೆಲ್ಲ ಒಂದು ಭಾಷೆ, ಒಂದು ಲಿಪಿ, ಒಂದು ಊರಿನ ಹೆಸರು ಇರುವವರಿಗಾಗಿ ಬರೆದವು. ನಮ್ಮಲ್ಲಿ ಹಾಗಿಲ್ಲ. ನನ್ನ ವಾದ ಇಷ್ಟೆ: ಗಡಿನಾಡಿನ ಕಲಾವಿದರ ಜಾಲತಾಣದಲ್ಲಿ ವಿನ್ಯಾಸಕ್ಕಿಂತ ಮೊದಲು ಹೆಸರು ಸರಿಯಾಗಬೇಕು, ಮತ್ತು ಅದರ ಒಡೆತನ ಕಲಾವಿದರ ಕೈಯಲ್ಲೇ ಇರಬೇಕು.

ಫೇಸ್‌ಬುಕ್ಕಿನಲ್ಲಿ ಉಂಟಲ್ಲ, ಮತ್ತೆ ಯಾಕೆ?

ಈ ಪ್ರಶ್ನೆ ನನಗೆ ಪ್ರತಿ ಮನೆಯಲ್ಲೂ ಎದುರಾಗಿದೆ. ಪ್ರಶ್ನೆ ನ್ಯಾಯವಾದದ್ದೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಇವು ಜನರನ್ನು ತಲುಪಿಸ್ತವೆ, ಅದನ್ನು ಬಿಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಹಾಕಿದ್ದು ದಿನ ಕಳೆದಂತೆ ಕೆಳಗೆ ಸರಿಯುತ್ತಾ ಹೋಗ್ತದೆ. ಮೂರು ವರ್ಷದ ಹಿಂದಿನ ಒಂದು ವೇಷದ ಚಿತ್ರವನ್ನು ಹುಡುಕಲು ಹೋದರೆ ಕಲಾವಿದರಿಗೇ ಸಿಗುವುದಿಲ್ಲ.

ಎರಡನೆಯದು, ಆ ಜಾಗ ನಮ್ಮದಲ್ಲ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮಲ್ಲಿ ಅನೇಕರು ಬಳಸಿದ ಆರ್ಕುಟ್ 2014ರಲ್ಲಿ ನಿಂತಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಅಲ್ಲಿ ಆಲ್ಬಂ ಮಾಡಿ ಇಟ್ಟವರ ಚಿತ್ರಗಳು ಸಮಯಕ್ಕೆ ಇಳಿಸಿಕೊಂಡಿದ್ದರೆ ಉಳಿದವು, ಇಲ್ಲದಿದ್ದರೆ ಇಲ್ಲ.

ಮೂರನೆಯದು ನಮಗೆ, ಅಂದರೆ ಸಂಶೋಧಕರಿಗೆ, ನೇರವಾಗಿ ತಾಗುವ ವಿಷಯ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ಕನ್ನಡ ಕಲಾವಿದರು ಎರಡು ಪಟ್ಟಿಗಳ ನಡುವೆ ನಿಂತಿದ್ದಾರೆ. ಬೆಂಗಳೂರಿನಲ್ಲಿ ಪಟ್ಟಿ ಮಾಡುವವರಿಗೆ ಇವರು ಕೇರಳದವರು, ತಿರುವನಂತಪುರದಲ್ಲಿ ಪಟ್ಟಿ ಮಾಡುವವರಿಗೆ ಇವರು ಕನ್ನಡದವರು. ಅಂಥ ಕಲಾವಿದರ ಬಗ್ಗೆ ಬರೆಯಲು ಹೊರಟವರಿಗೆ ಅವರದೇ ಮಾತಿನಲ್ಲಿ, ದಿನಾಂಕ ಸಮೇತ ಸಿಗುವ ಒಂದು ಪುಟ ಇದ್ದರೆ ಅದು ಮೊದಲ ದರ್ಜೆಯ ಆಕರ ಆಗ್ತದೆ.

ಹೆಸರು ಮತ್ತು ಊರು

ನಮ್ಮ ಕಡೆ ಕಲಾವಿದರ ಹೆಸರಿನ ಮುಂದೆ ಊರು ಸೇರಿಕೊಂಡಿರ್ತದೆ. ಶೇಣಿ ಗೋಪಾಲಕೃಷ್ಣ ಭಟ್, ಕುಂಬಳೆ ಸುಂದರ ರಾವ್ ಎನ್ನುವಾಗ ಶೇಣಿ, ಕುಂಬಳೆ ಎರಡೂ ಕಾಸರಗೋಡಿನ ಊರುಗಳೇ. ಕೇಳುವವರಿಗೆ ಇದರಲ್ಲಿ ಗೊಂದಲ ಇಲ್ಲ. ಹುಡುಕುವ ಯಂತ್ರಕ್ಕೆ ಉಂಟು. ಇಂಗ್ಲಿಷಿನಲ್ಲಿ ಭಟ್ ಅನ್ನು ಒಬ್ಬರು ಒಂದು ‘ಟಿ’ ಹಾಕಿ ಬರೀತಾರೆ, ಇನ್ನೊಬ್ಬರು ಎರಡು ಹಾಕ್ತಾರೆ. ರಾವ್ ಕೊನೆಯಲ್ಲಿ ಕೆಲವರಿಗೆ ‘ಓ’, ಕೆಲವರಿಗೆ ‘ಡಬ್ಲ್ಯು’.

ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನೇ ತೆಗೆದುಕೊಳ್ಳಿ. ‘ಞ್ಞ’ ಎನ್ನುವ ಒತ್ತಕ್ಷರ ಫೋನಿನ ಕೀಲಿಮಣೆಯಲ್ಲಿ ಸುಲಭಕ್ಕೆ ಸಿಗದವರು ಅದನ್ನು ತಮಗೆ ತೋಚಿದ ಹಾಗೆ ಬರೀತಾರೆ. ಅವರು ಪ್ರಸಿದ್ಧರು, ಹೇಗೆ ಬರೆದರೂ ಸಿಗ್ತಾರೆ. ಊರ ಮಟ್ಟದ ಕಲಾವಿದರಿಗೆ ಆ ಸೌಲಭ್ಯ ಇಲ್ಲ.

ಊರಿನ ಹೆಸರಂತೂ ಇನ್ನೂ ಕಷ್ಟ. ನಮ್ಮ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ಕುಂಬಳೆ ಅಲ್ಲಿ ಕುಂಬಳ. ಹೊಸದುರ್ಗ ನಮ್ಮ ಜಿಲ್ಲೆಯ ಒಂದು ತಾಲೂಕು. ಆದರೆ ಕನ್ನಡದಲ್ಲಿ ಹೊಸದುರ್ಗ ಅಂತ ಹುಡುಕಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗವೇ ಮುಂದೆ ಬಂದು ನಿಲ್ತದೆ. ಹಾಗಾಗಿ ‘ಹೊಸದುರ್ಗದ ಛಾಯಾಗ್ರಾಹಕ’ ಅಂತ ಮಾತ್ರ ಬರೆದರೆ ಸಾಲದು. ‘ಕಾಸರಗೋಡು ಜಿಲ್ಲೆಯ ಹೊಸದುರ್ಗ, ಕಾಞಂಗಾಡ್ ಹತ್ತಿರ’ ಅಂತ ಪೂರ್ತಿ ಬರೀಬೇಕು.

ಬೇರೆ ಗಡಿಗಳಲ್ಲಿಯೂ ಇದೇ ಕತೆ, ರೂಪ ಬೇರೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ; ಹೊಸೂರಿನ ಗೌಡರು ತಮಿಳಿನಲ್ಲಿ ಕಕಾರದಿಂದಲೇ ಶುರುವಾಗ್ತಾರೆ. ಮರಾಠಿ ಬರವಣಿಗೆಯಲ್ಲಿ ಎ, ಏ ಅಂತ ಬೇರೆ ಬೇರೆ ಇಲ್ಲ. ಒ, ಓ ಅಂತಲೂ ಇಲ್ಲ. ಅಕ್ಕಲಕೋಟೆಯ ಒಡೆಯರು ಅಲ್ಲಿ ಓಡೇಯರ ಆಗ್ತಾರೆ. ನಮ್ಮ ರಾಯದುರ್ಗ ತೆಲುಗಿನವರಿಗೆ ರಾಯದುರ್ಗಂ.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಪರಿಚಯದ ಪುಟದ ಮೊದಲ ಪ್ಯಾರಾದಲ್ಲೇ ಹೆಸರು ಕನ್ನಡದಲ್ಲಿ, ಆ ರಾಜ್ಯದ ಲಿಪಿಯಲ್ಲಿ, ಇಂಗ್ಲಿಷಿನಲ್ಲಿ ಮೂರೂ ಇರಬೇಕು. ಇಂಗ್ಲಿಷಿನಲ್ಲಿ ಒಂದು ಸ್ಪೆಲ್ಲಿಂಗ್ ಆಯ್ದುಕೊಂಡು ಬ್ಯಾಂಕಿನ ಪಾಸ್‌ಬುಕ್, ಆಹ್ವಾನ ಪತ್ರಿಕೆ, ಯೂಟ್ಯೂಬ್ ಎಲ್ಲದರಲ್ಲೂ ಆದಷ್ಟು ಅದನ್ನೇ ಬಳಸಬೇಕು. ‘ಹೀಗೂ ಬರೆಯುತ್ತಾರೆ’ ಎಂದು ಉಳಿದ ರೂಪಗಳನ್ನು ಒಂದು ಸಾಲಿನಲ್ಲಿ ಕೊಟ್ಟರೆ ತಪ್ಪು ಸ್ಪೆಲ್ಲಿಂಗಿನಲ್ಲಿ ಹುಡುಕಿದವರೂ ಬಂದು ತಲುಪ್ತಾರೆ.

ಅಕ್ಷರ ಚಿತ್ರದೊಳಗೆ ಸಿಕ್ಕಿಕೊಳ್ಳಬಾರದು

ನಮ್ಮ ಕಡೆಯ ಕಾರ್ಯಕ್ರಮಗಳ ಮಾಹಿತಿಯೆಲ್ಲ ಇರುವುದು ಪೋಸ್ಟರಿನಲ್ಲಿ. ಕಲಾವಿದರು ಆ ಪೋಸ್ಟರಿನ ಫೋಟೋವನ್ನೇ ಜಾಲತಾಣಕ್ಕೆ ಹಾಕಿ ಅಂತ ಕೊಡ್ತಾರೆ. ಹಾಕೋಣ, ಆದರೆ ಅದರೊಳಗಿನ ಹೆಸರು, ದಿನಾಂಕ, ಸ್ಥಳವನ್ನು ಕೆಳಗೆ ಅಕ್ಷರದಲ್ಲಿಯೂ ಟೈಪ್ ಮಾಡಬೇಕು. ಚಿತ್ರದೊಳಗಿನ ಕನ್ನಡವನ್ನು ಹುಡುಕು ಯಂತ್ರ ಸರಿಯಾಗಿ ಓದ್ತದೆ ಅಂತ ನಂಬಿ ಕೂರಲಿಕ್ಕೆ ಆಗುವುದಿಲ್ಲ. ಕಣ್ಣು ಕಾಣದವರ ಫೋನು ಓದಿ ಹೇಳಬೇಕಾದರೂ ಪ್ರತಿ ಚಿತ್ರಕ್ಕೆ ಒಂದು ವಿವರಣೆಯ ಸಾಲು ಬೇಕು.

ಹಳೆಯ ಕಡತಗಳದ್ದು ಇನ್ನೊಂದು ತೊಡಕು. ಪ್ರೆಸ್ಸಿನಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಪಠ್ಯ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಗೇ ನಕಲು ಮಾಡಿ ಜಾಲತಾಣಕ್ಕೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು ಕಾಣ್ತವೆ. ಅದನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಉಚಿತವಾಗಿ ಸಿಗ್ತವೆ. ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಬ್ಬರು ಕೂತು ಓದಿ ತಿದ್ದಲೇಬೇಕು. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಇವು ಉಚಿತ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಇಟ್ಟ ಹಾಗೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗ್ತದೆ. ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಇಟ್ಟರೆ ಓದಲು ಹಿತ.

ಏನನ್ನು ಹಾಕಬೇಕು, ಅದು ಯಾರದ್ದು?

ಇನ್ನೂರು ಫೋಟೋ ಹಾಕಿದರೆ ಯಾರೂ ನೋಡುವುದಿಲ್ಲ. ಹದಿನೈದು, ಇಪ್ಪತ್ತು ಸಾಕು. ಪ್ರತಿಯೊಂದರ ಕೆಳಗೆ ಏನು, ಎಲ್ಲಿ, ಯಾವ ವರ್ಷ, ಇದರಲ್ಲಿ ನನ್ನ ಪಾಲು ಏನು ಎಂಬ ನಾಲ್ಕು ವಿಷಯ ಇರಬೇಕು. ಬಣ್ಣದ ವೇಷಧಾರಿಯೊಬ್ಬರ ಪುಟದಲ್ಲಿ ‘ಯಕ್ಷಗಾನ ಚಿತ್ರ 7’ ಅಂತ ಇದ್ದರೆ ಏನೂ ತಿಳಿಯುವುದಿಲ್ಲ. ‘ದೇವಿ ಮಹಾತ್ಮೆ ಪ್ರಸಂಗದ ಮಹಿಷಾಸುರ, ತೆಂಕುತಿಟ್ಟು, ಮುಖವರ್ಣಿಕೆ ಸ್ವಂತದ್ದು’ ಎಂದು ಬರೆದು, ಊರು ವರ್ಷ ಸೇರಿಸಿದರೆ ಅದು ದಾಖಲೆ. ರಂಗದ ಚಿತ್ರದ ಜೊತೆ ಚೌಕಿಯಲ್ಲಿ ಚಿಟ್ಟಿ ಇಡುವ ಹಂತದ ಎರಡು ಚಿತ್ರ ಇದ್ದರೆ ಇನ್ನೂ ಒಳ್ಳೆಯದು. ಕೆಲಸ ಗೊತ್ತಿರುವವರು ನೋಡುವುದು ಅದನ್ನೇ.

ಚಿತ್ರಗಳನ್ನು ವಾಟ್ಸ್‌ಆಪ್‌ನಲ್ಲಿ ಫೋಟೋ ಆಗಿ ತರಿಸಬೇಡಿ. ಅಲ್ಲಿ ಅದು ಕುಗ್ಗಿ, ಒಳಗಿದ್ದ ದಿನಾಂಕದ ಮಾಹಿತಿಯೂ ಕಳೆದುಹೋಗಿರ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮೂಲವನ್ನು ಬೇರೆ ತೆಗೆದಿಟ್ಟು, ಉದ್ದದ ಬದಿ ಸುಮಾರು 1600 ಪಿಕ್ಸೆಲ್, 300 ಕಿಲೋಬೈಟಿನ ಒಳಗೆ ಬರುವ ಪ್ರತಿಯನ್ನು ಜಾಲತಾಣಕ್ಕೆ ಹಾಕಿದರೆ ಗುಡ್ಡದ ಬದಿಯ ಸಿಗ್ನಲ್ ಕಡಿಮೆ ಇರುವ ಮನೆಯಲ್ಲೂ ತೆರೆಯುತ್ತದೆ.

ಇನ್ನು ಹಕ್ಕಿನ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ವಿಧಿ ಒಂದು ವಿಷಯ ಹೇಳ್ತದೆ, ಅದು ನಮ್ಮ ಸ್ಟುಡಿಯೋದವರಲ್ಲಿ ಹಲವರಿಗೆ ಗೊತ್ತಿಲ್ಲ. ಯಾರಾದರೂ ಹಣ ಕೊಟ್ಟು ಫೋಟೋ ತೆಗೆಸಿದರೆ, ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅದರ ಮೊದಲ ಹಕ್ಕುದಾರರು ತೆಗೆಸಿದವರೇ. ಅಂದರೆ ಮದುವೆಯ ಫೋಟೋ ತೆಗೆದವರು ಅದನ್ನು ತಮ್ಮ ಜಾಲತಾಣಕ್ಕೆ ಹಾಕಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಮುಂಗಡ ತಗೊಳ್ಳುವ ರಸೀದಿಯಲ್ಲೇ ‘ಆಯ್ದ ಚಿತ್ರಗಳನ್ನು ನನ್ನ ಕೆಲಸದ ಮಾದರಿಯಾಗಿ ಪ್ರಕಟಿಸಬಹುದು’ ಅಂತ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಂಡರೆ ಮುಗೀತು. ಅದೇ ರೀತಿ, ವೇಷಧಾರಿಯ ಪುಟದಲ್ಲಿ ಬೇರೊಬ್ಬರು ತಾವಾಗಿ ತೆಗೆದ ಚಿತ್ರ ಇದ್ದರೆ ಅವರನ್ನು ಕೇಳಬೇಕು, ಅವರ ಹೆಸರೂ ಹಾಕಬೇಕು. ಒಬ್ಬ ಕಲಾವಿದರ ಹೆಸರು ಉಳಿಸಲು ಹೋಗಿ ಇನ್ನೊಬ್ಬರ ಹೆಸರು ಅಳಿಸಬಾರದಲ್ವಾ?

ಕಾಯುವ ಕೆಲಸ

ಕಟ್ಟಲು ಎರಡು ವಾರ ಸಾಕು. ವರ್ಡ್‌ಪ್ರೆಸ್‌ನಂಥ ಉಚಿತ ತಂತ್ರಾಂಶ ಉಂಟು, ಸಿದ್ಧ ಮಾದರಿಗಳು ಉಂಟು. ಹೋಗುವುದು ಆಮೇಲೆ.

ನನಗೆ ಗೊತ್ತಿರುವ ಒಬ್ಬ ಛಾಯಾಗ್ರಾಹಕರ ಜಾಲತಾಣವನ್ನು ಪರಿಚಯದ ಹುಡುಗನೊಬ್ಬ ಮಾಡಿಕೊಟ್ಟಿದ್ದ. ಡೊಮೈನ್, ಅಂದರೆ ಜಾಲತಾಣದ ವಿಳಾಸ, ಅವನ ಹೆಸರಿನಲ್ಲಿ, ಅವನ ಫೋನ್ ನಂಬರಿನಲ್ಲಿ ನೋಂದಣಿಯಾಗಿತ್ತು. ಅವನು ಕೆಲಸಕ್ಕೆ ಗಲ್ಫಿಗೆ ಹೋದ, ಇಲ್ಲಿಯ ನಂಬರ್ ನಿಂತುಹೋಯಿತು. ನವೀಕರಣದ ಎಚ್ಚರಿಕೆ, ಓಟಿಪಿ ಎಲ್ಲ ಆ ಸತ್ತ ನಂಬರಿಗೇ ಬರ್ತಿತ್ತು. ಅವಧಿ ಮುಗಿದು ವಿಳಾಸ ಬೇರೆ ಯಾರದ್ದೋ ಪಾಲಾಯಿತು. ಇವರ ವಿಸಿಟಿಂಗ್ ಕಾರ್ಡಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಇರುವ ವಿಳಾಸವನ್ನು ತೆರೆದರೆ ಈಗ ಯಾವುದೋ ಜಾಹೀರಾತು. ಹುಡುಗನಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ, ನೋಂದಣಿ ಯಾರ ಹೆಸರಿನಲ್ಲಿ ಅಂತ ಆವತ್ತು ಯಾರೂ ಕೇಳಲಿಲ್ಲ, ಅಷ್ಟೆ.

ಡಾಟ್ ಕಾಮ್ ವಿಳಾಸಕ್ಕೆ ಅವಧಿ ಮುಗಿದ ಮೇಲೆ ಗರಿಷ್ಠ 45 ದಿನದ ರಿಯಾಯಿತಿ ಇರಬಹುದು. ನೋಂದಣಿ ಸಂಸ್ಥೆ ಅದನ್ನು ಅಳಿಸಿದ ನಂತರ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಆಮೇಲೆ 5 ದಿನಕ್ಕೆ ಅದು ಯಾರು ಬೇಕಾದರೂ ಕೊಳ್ಳುವಂತೆ ಬಿಡುಗಡೆಯಾಗ್ತದೆ. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೆಯ ವರ್ಷ ಜಾಸ್ತಿ ಕೇಳುವುದು ಈ ವ್ಯಾಪಾರದಲ್ಲಿ ಸಾಮಾನ್ಯ, ಹಾಗಾಗಿ ನವೀಕರಣದ ದರವನ್ನು ಮೊದಲೇ ನೋಡಬೇಕು. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಯಾಗುವ ವಿಳಾಸ ಸಿಗ್ತದೆ, ತೆಗೆದುಕೊಳ್ಳಬಹುದು. ಆದರೆ ಕನ್ನಡ ಓದಲು ಬಾರದ ನೆರೆಯವರಿಗೂ ಫೋನಿನಲ್ಲಿ ಹೇಳಿ ಬರೆಸಲು ಆಗುವ ಒಂದು ಇಂಗ್ಲಿಷ್ ವಿಳಾಸ ಜೊತೆಗಿರಲಿ.

ಹಾಗಾಗಿ ನಾವು ಪ್ರತಿ ಕಲಾವಿದರ ಮನೆಯಲ್ಲಿ ಒಂದು ಹಾಳೆ ಬರೆದಿಡ್ತೇವೆ. ಡೊಮೈನ್ ಎಲ್ಲಿ ಕೊಂಡದ್ದು, ಯಾವ ತಿಂಗಳು ನವೀಕರಣ, ಯಾವ ಇಮೇಲ್, ಯಾವ ನಂಬರ್, ಅವರ ನಂತರ ನೋಡಿಕೊಳ್ಳುವವರು ಯಾರು. ಪಾಸ್‌ವರ್ಡನ್ನು ಮನೆಯವರಲ್ಲಿ ಒಬ್ಬರಿಗೆ ಬೇರೆಯಾಗಿ ಕೊಡ್ತೇವೆ. ನೋಂದಣಿ ಕಡ್ಡಾಯವಾಗಿ ಕಲಾವಿದರ ಹೆಸರಿನಲ್ಲೇ.

ವರ್ಷಕ್ಕೆ ಎರಡು ಸಲ ಕೂತು ಮಾಡುವ ಕೆಲಸ ಐದು: ಫೋನ್ ನಂಬರ್ ಸರಿ ಉಂಟಾ ನೋಡುವುದು, ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುವುದು, ಎರಡು ಹೊಸ ಕೆಲಸ ಸೇರಿಸಿ ಎರಡು ಹಳೆಯದನ್ನು ಹಿಂದಕ್ಕೆ ಸರಿಸುವುದು, ಇಡೀ ಜಾಲತಾಣದ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸುವುದು, ಕೊನೆಗೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಪ್ರತಿ ಪುಟವನ್ನು ಉಳಿಸುವುದು. ಕೊನೆಯದ್ದಕ್ಕೆ ಹಣ ಬೇಡ. ಮುಂದೆ ವಿಳಾಸ ಕೈತಪ್ಪಿದರೂ ಪುಟದ ಒಂದು ಪ್ರತಿ ಅಲ್ಲಿ ಸಿಗುವ ಸಾಧ್ಯತೆ ಇರ್ತದೆ. ನಮ್ಮ ಪ್ರಬಂಧಗಳಲ್ಲಿ ಉಲ್ಲೇಖ ಕೊಡುವಾಗಲೂ ಈ ಉಳಿಸಿದ ಪ್ರತಿಯ ಕೊಂಡಿಯನ್ನೇ ಕೊಟ್ಟರೆ ಮುಂದೆ ಓದುವವರಿಗೆ ಬಾಗಿಲು ಮುಚ್ಚಿರುವುದಿಲ್ಲ.

ನನ್ನ ಕೋರಿಕೆ ಒಂದೇ. ಗಡಿಭಾಗದ ಕಾಲೇಜುಗಳ ಕನ್ನಡ ವಿಭಾಗಗಳು ಇದನ್ನು ಕಿರು ಯೋಜನೆಯಾಗಿ ತೆಗೆದುಕೊಳ್ಳಬೇಕು. ಒಬ್ಬ ವಿದ್ಯಾರ್ಥಿಗೆ ಒಬ್ಬ ಕಲಾವಿದರು, ಒಂದೇ ಪುಟ: ಮೂರು ಲಿಪಿಯಲ್ಲಿ ಹೆಸರು, ಊರು, ಐದು ಕೆಲಸ, ಐದು ಅಡಿಬರಹ. ವಯಸ್ಸಾದವರಿಂದ ಶುರು ಮಾಡೋಣ. ಫೋಟೋದಲ್ಲಿರುವುದು ಯಾವ ಪ್ರಸಂಗ, ಪಕ್ಕದಲ್ಲಿ ನಿಂತವರು ಯಾರು ಅಂತ ಹೇಳಬಲ್ಲವರು ಅವರೊಬ್ಬರೇ ಆಗಿರ್ತಾರೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಪ್ರಶ್ನೆಗಳಿದ್ದರೆ ಕೇಳಬಹುದು.